ಮಕ್ಕಳ ಶಾಲೆಗೆ ಬಂದ ಸೂಕ್ಷ್ಮವಾಚನ

ಒಂದು ಕಿರುಪಾಠವನ್ನು ಮತ್ತೆ ಮತ್ತೆ ಓದಿಸಿ, ಪದಪದವನ್ನೂ ವಿಚಾರಿಸುವ ಸೂಕ್ಷ್ಮವಾಚನ ಪದ್ಧತಿಯು ಎಳೆಯರಿಗಾಗಿ ಹುಟ್ಟಿದ್ದಲ್ಲ. 1920ರ ದಶಕದಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಐ. ಎ. ರಿಚರ್ಡ್ಸರು ಕವಿಯ ಹೆಸರನ್ನು ಮರೆಮಾಡಿ, ಪದ್ಯಗಳನ್ನು ವಿದ್ಯಾರ್ಥಿಗಳಿಗೆ ಹಂಚಿ, ಅಭಿಪ್ರಾಯ ಬರೆಸಿಕೊಂಡರು. 1929ರಲ್ಲಿ ಅವರ ‘ಪ್ರಾಕ್ಟಿಕಲ್ ಕ್ರಿಟಿಸಿಸಂ’ ಪ್ರಕಟವಾದಾಗ, ಸುಶಿಕ್ಷಿತರೂ ಪದ್ಯದ ನೇರವಾದ ಅರ್ಥವನ್ನೇ ಗ್ರಹಿಸಿರಲಿಲ್ಲವೆಂಬುದು ಬಯಲಾಯಿತು. ದೊಡ್ಡವರ ಗರ್ವಭಂಗದಿಂದ ಮೊದಲಾದ ವಿದ್ಯೆಯಿದು!

ಅಮೆರಿಕದಲ್ಲಿ ಬ್ರೂಕ್ಸ್ ಮತ್ತು ವಾರೆನ್ನರ 1938ರ ಪಠ್ಯವು ಇದನ್ನು ಕಾಲೇಜುಗಳಲ್ಲಿ ನೆಲೆಗೊಳಿಸಿತು. 2010ರ ‘ಕಾಮನ್ ಕೋರ್’ ಶಿಕ್ಷಣ ಮಾನದಂಡಗಳ ಮೂಲಕ ಅಲ್ಲಿನ ಅನೇಕ ರಾಜ್ಯಗಳ ಪ್ರಾಥಮಿಕ ತರಗತಿಗಳಿಗೂ ಅದು ಇಳಿಯಿತು. ಪಾಠವು ಹೇಳುವುದೇನು? ಈ ಪದವೇ ಇಲ್ಲೇಕೆ? ಉತ್ತರಕ್ಕೆ ಪಾಠದಲ್ಲಿ ಆಧಾರವೆಲ್ಲಿ? ಒಂದೊಂದು ಓದಿಗೂ ಒಂದೊಂದು ಪ್ರಶ್ನೆ. ಸಂಸ್ಕೃತ ಪಾಠಶಾಲೆಯಲ್ಲಿ ಕಲಿತವರಿಗೆ ಖಂಡಾನ್ವಯವು ನೆನಪಾಗದಿರದು. ಕ್ರಿಯಾಪದವನ್ನು ಹಿಡಿದು ‘ಯಾರು? ಏನನ್ನು? ಎಂಥದನ್ನು?’ ಎಂದು ಕೇಳುತ್ತ ಶ್ಲೋಕವನ್ನು ಬಿಡಿಸುವ ಕ್ರಮವದು.

ಆದರೆ ಆಧಾರವನ್ನು ಕೇಳುವ ಭರದಲ್ಲಿ ಮಗುವಿನ ಬಾಯಿ ಕಟ್ಟುವ ಅಪಾಯವೂ ಉಂಟು. ಓದುಗನೂ ಕೃತಿಯೂ ಸಂಧಿಸಿದಲ್ಲಿಯೇ ಅರ್ಥವೆಂಬ ವಿಚಾರವನ್ನು ಲೂಯಿಸ್ ರೋಸೆನ್‌ಬ್ಲಾಟ್ ಎಂಬ ವಿದುಷಿ ಅದೇ 1938ರ ತಮ್ಮ ಗ್ರಂಥದಲ್ಲಿ ಮುಂದಿಟ್ಟಿದ್ದರು. ನಮಗೂ ಅದೇ ಸರಿಯೆನಿಸುತ್ತದೆ. ಮಳೆಯ ಪಾಠವನ್ನೋದಿದ ಬಾಲಕಿ ‘ನಮ್ಮ ಮನೆ ಸೋರುತ್ತದೆ’ ಎಂದರೆ, ‘ಅದು ಪಾಠದಲ್ಲಿಲ್ಲ’ ಎಂದು ಗದರಿಸಬೇಕಾಗಿಲ್ಲ. ಪಾಠದ ಯಾವ ಮಾತು ಅದನ್ನು ನೆನಪಿಗೆ ತಂದಿತೆಂದು ಉಪಾಧ್ಯಾಯರು ಕೇಳಬಹುದು.