‘ಇಂಚರ’ದ ಒಳಗಿನ ಕನ್ನಡ

ಪುಣೆಯ ಫರ್ಗ್ಯುಸನ್ ಕಾಲೇಜಿನ ಹಿಂಬದಿಯ ಹನುಮಾನ್ ಟೇಕಡಿಯನ್ನು ಬೆಳಗಿನ ಹೊತ್ತು ಏರಿದರೆ ಹಕ್ಕಿಗಳ ದನಿ ಕಿವಿ ತುಂಬುತ್ತದೆ. ಇಲ್ಲಿ ಬೆಳೆದ ನಮ್ಮ ಮಕ್ಕಳು ಅದನ್ನು ಮರಾಠಿಯ ‘ಕಿಲಬಿಲ’ದಿಂದ ಗುರುತಿಸುತ್ತಾರೆ, ನಾವು ‘ಚಿಲಿಪಿಲಿ’ ಎನ್ನುತ್ತೇವೆ. ನೀರಿನ ‘ಝುಳಝುಳ’ವೂ ನಮ್ಮ ‘ಜುಳುಜುಳು’ವೂ ಹಾಗೆಯೇ ನೆರೆಹೊರೆಯ ಮಾತುಗಳು. ಆದರೆ ‘ಇಂಚರ’ವೆಂದರೇನು ಎಂದು ಅವರು ಕೇಳಿದರೆ ‘ಮಂಜುಳ ಸ್ವರ’ವೆಂದು ಎರಡು ಪದಗಳಲ್ಲಿ ಹೇಳಬೇಕಾಗುತ್ತದೆ.

ಕನ್ನಡದಲ್ಲಿಯೂ ಅದು ಮೂಲತಃ ಎರಡು ಪದವೇ. ‘ಇನ್’ ಎಂದರೆ ಇನಿದಾದ, ಸವಿಯಾದ. ಇಂಪು, ಇನಿದನಿ, ಇನಿಯ ಎಂಬ ಮಾತುಗಳ ಬಳಗಕ್ಕೆ ಸೇರಿದ್ದು. ‘ಸರ’ವು ಸಂಸ್ಕೃತದ ‘ಸ್ವರ’ದ ತದ್ಭವ. ಇವೆರಡೂ ಸಮಾಸವಾಗಿ ಕೂಡಿದಾಗ ಸಕಾರವು ಚಕಾರವಾಗಿ ‘ಇಂಚರ’ವಾಯಿತು. ‘ನುಣ್’ ಮತ್ತು ‘ಸರ’ ಸೇರಿ ‘ನುಣ್ಚರ’ವಾದದ್ದೂ ಹೀಗೆಯೇ. ಸಕಾರಕ್ಕೆ ಬರುವ ಇಂಥ ಆದೇಶವನ್ನು 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ವಿವರಿಸಿದ್ದಾನೆ. ಆ ಗ್ರಂಥವನ್ನು ಕಿಟ್ಟೆಲರು 1872ರಲ್ಲಿ ಮಂಗಳೂರಿನಿಂದ ಪ್ರಕಟಿಸಿದರು.

ಇಂಚರವನ್ನು ಎಲ್ಲ ಸದ್ದಿಗೂ ಬಳಸಲಾಗದು. ಹಲವು ಕೊರಳುಗಳ ಅಸ್ಪಷ್ಟ ಮೆಲುದನಿ ‘ಕಲರವ’. ದುಂಬಿಯ ಮೊರೆತ ‘ಝೇಂಕಾರ’. ‘ಚಿಲಿಪಿಲಿ’ ಕೇಳಿದ ಸದ್ದಿನ ಅನುಕರಣ. ‘ಇಂಚರ’ವಾದರೋ ಸದ್ದನ್ನು ಅನುಕರಿಸುವುದಿಲ್ಲ, ಅದನ್ನು ಸವಿಯೆಂದು ಮೆಚ್ಚುತ್ತದೆ. ಕೋಗಿಲೆಗೆ, ಗಿಳಿಗೆ, ವೀಣೆಗೆ, ಒಲಿದವರ ಮಾತಿಗೆ ಅದು ಒಪ್ಪುತ್ತದೆ. ಅಂದರೆ ಆ ಪದದಲ್ಲಿ ದನಿಯೊಡನೆ ಕೇಳುವವರ ಮನಸ್ಸೂ ಇದೆ.

ಈ ಟೇಕಡಿಯ ಕೆಳಗಿನ ಕಾಲೇಜಿನಲ್ಲಿಯೇ ದ. ರಾ. ಬೇಂದ್ರೆಯವರು ಓದಿ 1918ರಲ್ಲಿ ಬಿ.ಎ. ಪದವಿ ಪಡೆದರು. ಅವರ ಮನೆಮಾತು ಮರಾಠಿ. ಮರಾಠಿಯಲ್ಲಿಯೂ ಅವರು ಬರೆದರು. ಆದರೂ ಕನ್ನಡದ ನಾದಕ್ಕೆ ಅವರಷ್ಟು ಕಿವಿಗೊಟ್ಟ ಕವಿಗಳು ವಿರಳ. 1938ರ ಸಂಕಲನಕ್ಕೆ ಅವರಿಟ್ಟ ಹೆಸರೇ ‘ನಾದಲೀಲೆ’. ಮನೆಯ ಮಾತೊಂದು, ಒಲಿದ ಮಾತೊಂದು ಆದರೆ ಎರಡಕ್ಕೂ ಕುಂದಿಲ್ಲವೆಂಬುದಕ್ಕೆ ಅವರ ಬದುಕೇ ನಿದರ್ಶನ.

ಇಂದು ‘ಇಂಚರ’ವನ್ನು ಆಡುಮಾತಿನಲ್ಲಿ ಕೇಳುವುದು ಅಪರೂಪ. ಹೆಣ್ಣುಮಕ್ಕಳ ಹೆಸರಾಗಿ ಅದು ಉಳಿದಿದೆ. ಹೆಸರಾಗಿ ಉಳಿದದ್ದು ಸಂತೋಷವೇ; ಆದರೆ ಅರ್ಥ ತಿಳಿಯದೆ ಕೂಗುವ ಹೆಸರಿನಲ್ಲಿ ಪದವು ಅರ್ಧ ಮಾತ್ರ ಬದುಕಿರುತ್ತದೆ. ಹೊರಗಿನಿಂದ ಬಂದ ‘ಸ್ವರ’ವು ಕನ್ನಡದ ಉಚ್ಚಾರಕ್ಕೆ ಒಗ್ಗಿ, ಕನ್ನಡದ ಸಂಧಿಗೆ ಮಣಿದು, ಕೊನೆಗೆ ಅಚ್ಚಗನ್ನಡದಂತೆ ಕೇಳಿಸಿದ ಬಗೆಯನ್ನು ನಾವು ಮಕ್ಕಳಿಗೆ ಹೇಳಬೇಕು. ಎರಡು ಭಾಷೆಗಳ ನಡುವೆ ಬೆಳೆಯುವ ಅವರಿಗೆ ಈ ಕಥೆ ಪರಕೀಯವೆನಿಸದು. ‘ಕಿಲಬಿಲ’ವನ್ನು ಬಿಡಿಸುವ ಅಗತ್ಯವಿಲ್ಲ. ಟೇಕಡಿಯ ಮೇಲೆ ಕೋಗಿಲೆಯೊಂದು ಕೂಗಿದಾಗ, ಇದನ್ನು ನಮ್ಮಲ್ಲಿ ‘ಇಂಚರ’ವೆನ್ನುತ್ತಾರೆ ಎಂದು ಒಮ್ಮೆ ಹೇಳಿದರೂ ಸಾಕು.