ಕೈಗುಣ, ನೆನಪು ಮತ್ತು ಬಾರ್‌ಕೋಡ್: ಔಷಧಿ ನೀಡಿಕೆಯ ಸುರಕ್ಷತೆಯ ಚರಿತ್ರೆ

ವೈದ್ಯಕೀಯದ ಚರಿತ್ರೆಯು ಬಹುಮಟ್ಟಿಗೆ ಔಷಧಿಯನ್ನು ಕಂಡುಹಿಡಿದವರ ಚರಿತ್ರೆಯಾಗಿದೆ. ಆ ಔಷಧಿಯನ್ನು ಅಳೆದು, ಗುರುತಿಸಿ, ರೋಗಿಯ ಬಾಯಿಗೆ ತಲುಪಿಸಿದ ಕೈಗಳ ಚರಿತ್ರೆ ಅಷ್ಟಾಗಿ ದಾಖಲಾಗಿಲ್ಲ. ‘ಅತಿಯಾದರೆ ಅಮೃತವೂ ವಿಷ’ ಎಂಬ ಗಾದೆಯನ್ನು ಕಟ್ಟಿದ ಜನಪದರು ಔಷಧಿಯ ಅಪಾಯವು ಅದರ ಗುಣದಲ್ಲಿ ಮಾತ್ರವಲ್ಲದೆ ಅದನ್ನು ನೀಡುವ ಕ್ರಮದಲ್ಲಿಯೂ ಇದೆಯೆಂಬುದನ್ನು ಅರಿತಿದ್ದರು. ಕಳೆದ ಮೂರು ದಶಕಗಳಲ್ಲಿ ಆಸ್ಪತ್ರೆಗಳನ್ನು ಪ್ರವೇಶಿಸಿದ ಗಣಕಯಂತ್ರ ಹಾಗೂ ಬಾರ್‌ಕೋಡ್‌ಗಳ ಚರಿತ್ರೆಯನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಉಚಿತ.

ಕನ್ನಡ ನಾಡಿನ ನಾಟಿವೈದ್ಯ ಪರಂಪರೆಯಲ್ಲಿ ಪ್ರಮಾಣವೆಂಬುದು ಕೈ ಮತ್ತು ಕಣ್ಣಿಗೆ ಸೇರಿದ ವಿದ್ಯೆ. ಗುಲಗಂಜಿ ತೂಕ, ಕಡಲೆ ಗಾತ್ರ, ಒಂದು ಚಿಟಿಕೆ, ಒಂದು ಒಳಲೆ ಎಂಬ ಅಳತೆಗಳು ಬಳಕೆಯಲ್ಲಿದ್ದವು. ಎಳೆಗೂಸಿಗೆ ಬಜೆಯನ್ನು ಕಲ್ಲಿನ ಮೇಲೆ ತೇಯುವಾಗ ಎಷ್ಟು ಸುತ್ತು ತೇಯಬೇಕೆಂಬುದೇ ಪ್ರಮಾಣವಾಗಿತ್ತು. ಅನುಪಾನ, ಪಥ್ಯ, ವೇಳೆ ಇವೆಲ್ಲವೂ ಔಷಧಿಯೊಡನೆಯೇ ಬಾಯಿಮಾತಿನಲ್ಲಿ ಹಸ್ತಾಂತರಗೊಳ್ಳುತ್ತಿದ್ದವು. ಎಲ್ಲಕ್ಕಿಂತ ಮುಖ್ಯವಾಗಿ, ಕೊಡುವವರು ಕೊಳ್ಳುವವರನ್ನು ಹೆಸರು ಮನೆತನಗಳಿಂದ ಬಲ್ಲವರಾಗಿದ್ದರು. ‘ಕೈಗುಣ’ ಎಂಬ ಪರಿಕಲ್ಪನೆಯಲ್ಲಿ ಈ ಪರಿಚಯವೂ ಅಡಗಿದೆ. ಆದರೆ ಈ ಪರಂಪರೆ ದೋಷರಹಿತವಾಗಿತ್ತೆಂದು ಭಾವಿಸಲಾಗದು. ಅಲ್ಲಿ ಸಂಭವಿಸಿದ ತಪ್ಪುಗಳು ದಾಖಲೆಯಾಗದೆ ‘ಹಣೆಬರಹ’ದ ಲೆಕ್ಕಕ್ಕೆ ಸೇರಿಹೋದವು.

ಆಧುನಿಕ ಆಸ್ಪತ್ರೆಯಲ್ಲಿ ಈ ಪರಿಚಯದ ನೆಲೆ ಕಳಚಿತು. ಪಾಳಿ ಬದಲಾದಂತೆ ದಾದಿಯರು ಬದಲಾಗುತ್ತಾರೆ, ಹಾಸಿಗೆಯಲ್ಲಿರುವವರು ಅಪರಿಚಿತರು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ನಕಲು ಮಾಡಿ, ಮತ್ತೊಬ್ಬರು ಔಷಧಿ ಒದಗಿಸಿ, ಮಗದೊಬ್ಬರು ರೋಗಿಗೆ ನೀಡುತ್ತಾರೆ. ಈ ಸರಪಳಿಯನ್ನು ಕಾಯಲು ದಾದಿಯರ ಶಿಕ್ಷಣದಲ್ಲಿ ‘ಐದು ಸರಿ’ಗಳ ಸೂತ್ರ ರೂಢಿಗೆ ಬಂದಿತು: ಸರಿಯಾದ ರೋಗಿ, ಸರಿಯಾದ ಔಷಧಿ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ವೇಳೆ. ಬೆರಳೆಣಿಕೆಗೆ ಒಗ್ಗುವ ಈ ಸೂತ್ರ ಸ್ವರೂಪದಲ್ಲಿ ಮೌಖಿಕ ಪರಂಪರೆಯದೇ. ಅದು ನೆನಪನ್ನು ಅವಲಂಬಿಸಿದೆ, ದಣಿದ ಮನುಷ್ಯರ ನೆನಪಿಗೆ ಮಿತಿಯಿದೆ.

ಈ ಮಿತಿಯನ್ನು ಜಗತ್ತಿಗೆ ಕಾಣಿಸಿದ ಘಟನೆ ಅಮೆರಿಕದ ಬಾಸ್ಟನ್ ನಗರದಲ್ಲಿ ಸಂಭವಿಸಿತು. ‘ಬಾಸ್ಟನ್ ಗ್ಲೋಬ್’ ಪತ್ರಿಕೆಯ ಆರೋಗ್ಯ ಅಂಕಣಕಾರ್ತಿ ಬೆಟ್ಸಿ ಲೇಮನ್ ಅವರು ಡೇನಾ-ಫಾರ್ಬರ್ ಕ್ಯಾನ್ಸರ್ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆಯುತ್ತಿದ್ದು, 1994ರ ಡಿಸೆಂಬರ್‌ನಲ್ಲಿ ನಿಧನರಾದರು. ಸೈಕ್ಲೋಫಾಸ್ಫಮೈಡ್ ಎಂಬ ಔಷಧಿಯ ನಾಲ್ಕು ದಿನಗಳ ಒಟ್ಟು ಪ್ರಮಾಣವನ್ನು ನಾಲ್ಕು ದಿನವೂ ಪ್ರತಿದಿನ ನೀಡಲಾಗಿತ್ತು. ಹಲವರ ಕೈ ದಾಟಿ ಬಂದ ಆ ಅಂಕಿಯನ್ನು ಯಾರೂ ತಡೆಯಲಿಲ್ಲ. 1995ರ ಫೆಬ್ರವರಿಯಲ್ಲಿ ಸಂಶೋಧನಾ ದಾಖಲೆಗಳನ್ನು ತುಂಬುವ ವಾಡಿಕೆಯ ಕೆಲಸದ ವೇಳೆ ತಪ್ಪು ಬೆಳಕಿಗೆ ಬಂದಿತು. ಇಲ್ಲಿ ಔಷಧಿ ತಪ್ಪಿರಲಿಲ್ಲ, ರೋಗಿಯೂ ತಪ್ಪಿರಲಿಲ್ಲ. ‘ಒಟ್ಟು’ ಮತ್ತು ‘ದಿನಕ್ಕೆ’ ಎಂಬ ಎರಡು ಅರ್ಥಗಳ ನಡುವಿನ ವ್ಯತ್ಯಾಸ ಅಳಿಸಿಹೋಗಿತ್ತು. ಅನಂತರ ಆ ಸಂಸ್ಥೆಯು ಮಿತಿಮೀರಿದ ಪ್ರಮಾಣವನ್ನು ತಡೆಹಿಡಿಯುವ ಗಣಕೀಕೃತ ವ್ಯವಸ್ಥೆಯನ್ನು ಅಳವಡಿಸಿಕೊಂಡಿತು. 1999ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಪ್ರಕಟಿಸಿದ ವರದಿಯು ಆ ದೇಶದ ಆಸ್ಪತ್ರೆಗಳಲ್ಲಿ ವೈದ್ಯಕೀಯ ತಪ್ಪುಗಳಿಂದ ವರ್ಷಕ್ಕೆ 44,000ದಿಂದ 98,000 ಜನ ಸಾಯುತ್ತಿರಬಹುದೆಂದು ಅಂದಾಜಿಸಿ, ವ್ಯಕ್ತಿಗಳನ್ನು ದೂರುವ ಬದಲು ವ್ಯವಸ್ಥೆಯನ್ನು ತಿದ್ದಬೇಕೆಂದು ಪ್ರತಿಪಾದಿಸಿತು.

ಪರಿಹಾರದ ಒಂದು ಎಳೆ ಅಂಗಡಿಬೀದಿಯಿಂದ ಬಂದದ್ದು ಗಮನಾರ್ಹ. ನಾರ್ಮನ್ ಜೋಸೆಫ್ ವುಡ್‌ಲ್ಯಾಂಡ್ ಮತ್ತು ಬರ್ನಾರ್ಡ್ ಸಿಲ್ವರ್ ಅವರು ರೂಪಿಸಿದ ಗೆರೆಸಂಕೇತಕ್ಕೆ 1952ರಲ್ಲಿ ಪೇಟೆಂಟ್ ದೊರೆತಿತ್ತು. 1974ರ ಜೂನ್ 26ರಂದು ಒಹಾಯೊ ರಾಜ್ಯದ ಟ್ರಾಯ್ ಎಂಬ ಊರಿನ ಅಂಗಡಿಯೊಂದರಲ್ಲಿ ಚೂಯಿಂಗ್ ಗಮ್ ಪೊಟ್ಟಣದ ಮೇಲಿನ ಬಾರ್‌ಕೋಡನ್ನು ಯಂತ್ರ ಓದಿತು. ಇದನ್ನು ರೋಗಿಯ ಹಾಸಿಗೆಯ ಬಳಿಗೆ ತರುವ ಆಲೋಚನೆ ಕಾನ್ಸಾಸ್ ರಾಜ್ಯದ ಟೊಪೀಕದಲ್ಲಿರುವ ಮಾಜಿ ಸೈನಿಕರ ಆಸ್ಪತ್ರೆಯ ದಾದಿ ಸ್ಯೂ ಕಿನಿಕ್ ಅವರದು. 1992ರಲ್ಲಿ ಬಾಡಿಗೆ ಕಾರನ್ನು ಹಿಂದಿರುಗಿಸುವಾಗ ಅಲ್ಲಿನ ನೌಕರರು ಕೈಯಂತ್ರದಿಂದ ಕಾರಿನ ಗುರುತನ್ನು ಓದಿದ್ದನ್ನು ಅವರು ಕಂಡರು. ಕಾರಿಗೆ ಸಾಧ್ಯವಾದದ್ದು ಔಷಧಿಗೇಕೆ ಆಗದೆಂಬ ಅವರ ಪ್ರಶ್ನೆಯಿಂದ ಹುಟ್ಟಿದ ವ್ಯವಸ್ಥೆ ಮುಂದೆ ಆ ದೇಶದ ಮಾಜಿ ಸೈನಿಕರ ಆಸ್ಪತ್ರೆಗಳಿಗೆಲ್ಲ ವಿಸ್ತರಿಸಿತು. 2004ರಲ್ಲಿ ಅಲ್ಲಿನ ಆಹಾರ ಮತ್ತು ಔಷಧ ಆಡಳಿತವು ಆಸ್ಪತ್ರೆಗಳಲ್ಲಿ ಬಳಸುವ ಬಹುತೇಕ ಔಷಧಿಗಳಿಗೆ ಬಾರ್‌ಕೋಡ್ ಕಡ್ಡಾಯಗೊಳಿಸುವ ನಿಯಮ ಹೊರಡಿಸಿತು.

ಇದರ ಕಾರ್ಯವಿಧಾನ ಸರಳ. ರೋಗಿಯ ಮಣಿಕಟ್ಟಿನ ಪಟ್ಟಿಯಲ್ಲೊಂದು, ಔಷಧಿಯ ಪೊಟ್ಟಣದಲ್ಲೊಂದು ಸಂಕೇತವಿರುತ್ತದೆ. ದಾದಿಯರು ಎರಡನ್ನೂ ಯಂತ್ರಕ್ಕೆ ತೋರಿಸಿದಾಗ ಗಣಕಯಂತ್ರವು ವೈದ್ಯರ ಆದೇಶದೊಡನೆ ಹೋಲಿಸಿ, ಹೊಂದದಿದ್ದರೆ ಎಚ್ಚರಿಸುತ್ತದೆ. ಬಾಸ್ಟನ್ನಿನ ಬ್ರಿಗಮ್ ಅಂಡ್ ವಿಮೆನ್ಸ್ ಆಸ್ಪತ್ರೆಯಲ್ಲಿ 14,041 ಔಷಧಿ ನೀಡಿಕೆಗಳನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವೇಳೆಗೆ ಸಂಬಂಧಿಸದ ತಪ್ಪುಗಳು ಯಂತ್ರವಿಲ್ಲದ ವಾರ್ಡುಗಳಲ್ಲಿ ಶೇ. 11.5ರಷ್ಟಿದ್ದರೆ ಯಂತ್ರವಿದ್ದಲ್ಲಿ ಶೇ. 6.8ರಷ್ಟಿದ್ದವು. ಆದೇಶವನ್ನು ನಕಲು ಮಾಡುವಾಗಿನ ತಪ್ಪುಗಳು ಇಲ್ಲವಾದವು. ಆದರೂ ಶೇ. 6.8 ಎಂಬ ಶೇಷ ಕಡೆಗಣಿಸತಕ್ಕದ್ದಲ್ಲ.

ಆ ಶೇಷದ ಕಾರಣಗಳನ್ನು ಅರಿಯಲು ಅಂಕಿಅಂಶಗಳು ಸಾಲವು. ಕಸುಬಿನವರ ನಡೆವಳಿಕೆಯನ್ನು ನೋಡಬೇಕು. ಸಮಾಜವಿಜ್ಞಾನಿ ರಾಸ್ ಕೋಪೆಲ್ ಮತ್ತು ಸಂಗಡಿಗರು ಐದು ಆಸ್ಪತ್ರೆಗಳನ್ನು ಪರಿಶೀಲಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನವು ದಾದಿಯರು ಯಂತ್ರವನ್ನು ಬಳಸಿ ದಾಟುವ 15 ಬಗೆಯ ಅಡ್ಡದಾರಿಗಳನ್ನೂ ಅವುಗಳಿಗೆ 31 ಕಾರಣಗಳನ್ನೂ ಗುರುತಿಸಿತು. ರೋಗಿಯ ಸಂಕೇತದ ಇನ್ನೊಂದು ಪ್ರತಿಯನ್ನು ಬಾಗಿಲ ಚೌಕಟ್ಟಿಗೋ ಔಷಧಿಗಾಡಿಗೋ ಅಂಟಿಸಿಕೊಂಡು, ರೋಗಿಯ ಬಳಿ ಸಾರದೆಯೇ ಯಂತ್ರಕ್ಕೆ ತೋರಿಸುವುದು ಅವುಗಳಲ್ಲೊಂದು. ನೀರಿನಲ್ಲಿ ನೆನೆದ ಪಟ್ಟಿ, ಸುಕ್ಕುಗಟ್ಟಿದ ಚೀಟಿ, ಬ್ಯಾಟರಿ ಮುಗಿದ ಯಂತ್ರ, ತುರ್ತು ಪ್ರಸಂಗ ಇವೇ ಕಾರಣಗಳು. ಜಾನಪದ ವಿದ್ವಾಂಸರು ಇವನ್ನು ವೃತ್ತಿಜಾನಪದವೆಂದು ಗುರುತಿಸಬಲ್ಲರು: ಲಿಖಿತ ನಿಯಮವು ಕೆಲಸದ ವಾಸ್ತವಕ್ಕೆ ಹೊಂದದಿದ್ದಾಗ ಕಸುಬಿನವರು ಕಟ್ಟಿಕೊಂಡು, ಒಬ್ಬರಿಂದೊಬ್ಬರಿಗೆ ಕಲಿಸುವ ಅಲಿಖಿತ ಜ್ಞಾನವಿದು. ಈ ಜ್ಞಾನ ಕೆಲಸವನ್ನು ಸಾಗಿಸುತ್ತದೆ, ಜೊತೆಗೆ ಅಪಾಯವನ್ನೂ ಮರಳಿ ತರುತ್ತದೆ. ಅದನ್ನು ಅಶಿಸ್ತೆಂದು ಶಿಕ್ಷಿಸಿದರೆ ಅದು ಮರೆಯಾಗುತ್ತದೆ. ದಾಖಲಿಸಿದರೆ ಯಂತ್ರವನ್ನು ತಿದ್ದಲು ನೆರವಾಗುತ್ತದೆ.

ಭಾರತದ ಸನ್ನಿವೇಶಕ್ಕೂ ಈ ಮಾತು ಅನ್ವಯಿಸುತ್ತದೆ. ಪ್ರತಿಕೂಲ ಪರಿಣಾಮಗಳನ್ನು ದಾಖಲಿಸುವ ರಾಷ್ಟ್ರೀಯ ಔಷಧ ಜಾಗೃತಿ ಕಾರ್ಯಕ್ರಮ 2010ರಲ್ಲಿ ಆರಂಭವಾಯಿತು. 2023ರ ಆಗಸ್ಟ್ 1ರಿಂದ ಮುನ್ನೂರು ಔಷಧಿ ಬ್ರ್ಯಾಂಡ್‌ಗಳಿಗೆ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಕಡ್ಡಾಯವಾಯಿತು. ಔಷಧಿ ಅಸಲಿಯೇ ಎಂಬುದನ್ನು ಈ ಸಂಕೇತ ತಿಳಿಸಬಲ್ಲುದು. ಯಾರಿಗೆ, ಎಷ್ಟು, ಯಾವಾಗ ಎಂಬುದನ್ನು ತಿಳಿಸಲಾರದು. ಆ ಕೆಲಸವನ್ನು ಕರ್ನಾಟಕದ ಊರುಗಳಲ್ಲಿ ಇಂದಿಗೂ ನಿರ್ವಹಿಸುತ್ತಿರುವುದು ಚೀಟಿಯ ಮೇಲಿನ ‘1-0-1’ ಎಂಬ ಬರಹ. ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು ಎಂಬುದನ್ನು ಅಕ್ಷರ ಬಾರದವರೂ ಗ್ರಹಿಸಬಲ್ಲರು. ಪ್ರಮಾಣವನ್ನು ದಿನದ ವೇಳೆಗೆ ಕಟ್ಟಿಹಾಕುವುದರಿಂದ ಇಲ್ಲಿ ‘ಒಟ್ಟು’ ಮತ್ತು ‘ದಿನಕ್ಕೆ’ಗಳ ಗೊಂದಲವಿಲ್ಲ. ಆದರೆ ವಾರಕ್ಕೊಮ್ಮೆ ಮಾತ್ರ ನುಂಗಬೇಕಾದ ಮೆಥೊಟ್ರೆಕ್ಸೇಟ್‌ನಂತಹ ಮಾತ್ರೆಯ ಮುಂದೆ ಈ ಲಿಪಿ ಸೋಲುತ್ತದೆ. ಅದನ್ನು ದಿನವೂ ನುಂಗಿ ಪ್ರಾಣಕ್ಕೆ ಎರವಾದ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ.

ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ ಹಾನಿರಹಿತ ಔಷಧೋಪಚಾರವನ್ನು ತನ್ನ ಮೂರನೆಯ ಜಾಗತಿಕ ರೋಗಿಸುರಕ್ಷತಾ ಸವಾಲಾಗಿ ಘೋಷಿಸಿತು. ಮನುಷ್ಯರ ನೆನಪು ಸೋಲುವಲ್ಲಿ ಯಂತ್ರವು ನೆರವಾಗುತ್ತದೆ. ಯಂತ್ರವು ಸೋಲುವಲ್ಲಿ ಮನುಷ್ಯರ ಎಚ್ಚರವೇ ಉಳಿಯುತ್ತದೆ. ಬಾಗಿಲ ಚೌಕಟ್ಟಿನ ಸಂಕೇತವನ್ನು ಯಂತ್ರ ಓದಬಲ್ಲುದು, ಹಾಸಿಗೆಯ ಮೇಲಿರುವವರು ಯಾರೆಂಬುದನ್ನು ಬಳಿಗೆ ಹೋದವರೇ ನೋಡಬೇಕು. ಕೈಗುಣವೆಂಬ ಹಳೆಯ ಮಾತಿನ ತಿರುಳು ಇದೇ ಆಗಿದ್ದರೆ, ಔಷಧಿ ಸುರಕ್ಷತೆಯ ಯಾವ ಹೊಸ ವ್ಯವಸ್ಥೆಯೂ ಅದನ್ನು ಕೈಬಿಟ್ಟು ರೂಪುಗೊಳ್ಳಲಾರದು.