ಜಾಗತಿಕ ಪಿಡುಗು ಮತ್ತು ಚರ್ಮರೋಗಗಳ ಹೊರರೋಗಿ ಸೇವೆ

ಜಾಗತಿಕ ಪಿಡುಗಿನ ಕಾಲದಲ್ಲಿ ಚರ್ಮರೋಗಗಳ ಹೊರರೋಗಿ ವಿಭಾಗಕ್ಕೆ, ಅಂದರೆ ಆಸ್ಪತ್ರೆಗೆ ದಾಖಲಾಗದೆ ಚಿಕಿತ್ಸೆ ಪಡೆದು ಮರಳುವವರ ವಿಭಾಗಕ್ಕೆ, ಬರುವವರ ಸಂಖ್ಯೆಯೂ ಅವರ ಕಾಯಿಲೆಗಳ ಸ್ವರೂಪವೂ ಬದಲಾಗುತ್ತವೆ. ಭಾರತದಲ್ಲಿ ಕೋವಿಡ್-19ರ ನಿಮಿತ್ತ 2020ರ ಮಾರ್ಚ್ 25ರಂದು ಲಾಕ್‌ಡೌನ್ ಜಾರಿಯಾದಾಗ ಬಸ್ಸು ರೈಲುಗಳು ನಿಂತು, ತುರ್ತಲ್ಲದ ಸೇವೆಗಳು ಮೊಟಕುಗೊಂಡು, ಸೋಂಕಿನ ಭಯವೂ ಸೇರಿಕೊಂಡು, ಈ ವಿಭಾಗಗಳಿಗೆ ಬರುವವರು ತೀರ ಕಡಿಮೆಯಾದರು. ಅದೇ ದಿನ ಹೊರಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯು ದೂರವಾಣಿ, ವಿಡಿಯೊ ಮತ್ತು ಸಂದೇಶಗಳ ಮೂಲಕ ವೈದ್ಯಕೀಯ ಸಲಹೆ ನೀಡಲು ನಿಯಮಗಳನ್ನು ಒದಗಿಸಿತು. ಕಣ್ಣಿಗೆ ಕಾಣುವ ಲಕ್ಷಣಗಳನ್ನೇ ಬಹುವಾಗಿ ಅವಲಂಬಿಸಿದ ಚರ್ಮವೈದ್ಯಕ್ಕೆ ಇದು ಅನುಕೂಲವಾದರೂ, ಮಚ್ಚೆಯಲ್ಲಿ ಸ್ಪರ್ಶಜ್ಞಾನವಿದೆಯೇ ಎಂದು ಪರೀಕ್ಷಿಸುವುದು, ಚರ್ಮದ ಹೊಟ್ಟನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ಶಿಲೀಂಧ್ರ ಹುಡುಕುವುದು, ಬಯಾಪ್ಸಿಗೆ ತುಣುಕು ತೆಗೆಯುವುದು ಮುಂತಾದವು ಛಾಯಾಚಿತ್ರದಿಂದ ಆಗುವಂಥವಲ್ಲ.

ಪದೇ ಪದೇ ಸಾಬೂನು, ಸ್ಯಾನಿಟೈಸರ್ ಬಳಸಿದ್ದರಿಂದ ಕೈ ಒಣಗಿ ಬಿರಿಯುವ ಇಸುಬು, ಮಾಸ್ಕಿನಡಿಯ ಮೊಡವೆ, ಸೋಂಕು ತಗಲಿದ ಎರಡು ಮೂರು ತಿಂಗಳಿಗೆ ಕಾಣಿಸಿಕೊಳ್ಳುವ ಕೂದಲುದುರುವಿಕೆ ಈ ಅವಧಿಯಲ್ಲಿ ಹೆಚ್ಚು ಗಮನಕ್ಕೆ ಬಂದವು. ಮತ್ತೊಂದೆಡೆ, ದೇಶದಲ್ಲಿ ಹೊಸದಾಗಿ ಪತ್ತೆಯಾದ ಕುಷ್ಠರೋಗ ಪ್ರಕರಣಗಳು 2019ರ ಸುಮಾರು 1.14 ಲಕ್ಷದಿಂದ 2020ರಲ್ಲಿ ಸುಮಾರು 65 ಸಾವಿರಕ್ಕೆ ಇಳಿದವು. ಆ ರೋಗದ ಸುಪ್ತಾವಧಿ, ಎಂದರೆ ಸೋಂಕು ತಗಲಿ ಲಕ್ಷಣ ತೋರುವವರೆಗಿನ ಕಾಲ, ಸರಾಸರಿ 5 ವರ್ಷವಾದ್ದರಿಂದ, ಈ ದಿಢೀರ್ ಇಳಿಕೆಯನ್ನು ರೋಗವೇ ತಗ್ಗಿದ್ದರ ಸೂಚನೆಯೆಂದಲ್ಲ, ಪತ್ತೆಕಾರ್ಯ ಕುಂಠಿತಗೊಂಡದ್ದರ ಫಲವೆಂದು ಪರಿಗಣಿಸಲಾಗುತ್ತದೆ.